ದೋಣಿ ಎಂಟು ಮನೆಯವರದು, ಏರಿ ನನ್ನೊಬ್ಬನದು: ಹೊಣೆ ಯಾರದು?

ಪ್ರಶ್ನೆ

ಹೊಸದಾಗಿ ಕೊಂಡ ಜಮೀನಿನೊಂದಿಗೆ ಒಂದು ಸಣ್ಣ ಕೆರೆಯೂ, ಅದನ್ನು ತಡೆದು ನಿಲ್ಲಿಸಿರುವ ಸುಮಾರು 6 ಮೀಟರ್ ಎತ್ತರದ ಮಣ್ಣಿನ ಏರಿಯೂ ನನ್ನ ಪಾಲಿಗೆ ಬಂದಿವೆ. ಈಜು, ದೋಣಿವಿಹಾರ, ಮೀನು ಹಿಡಿಯುವುದು ಇವಕ್ಕೆಂದೇ ಹಿಂದಿನ ಮಾಲೀಕರು ಕಟ್ಟಿಸಿದ ಈ ಕೆರೆಯನ್ನು ದಡದ ಎಂಟೂ ಮನೆಯವರು ಬಳಸುತ್ತಾರಾದರೂ ಏರಿ ಮಾತ್ರ ಪೂರ್ತಿಯಾಗಿ ನನ್ನ ಗಡಿಯೊಳಗಿದೆ. ಏರಿಯ ಹಿಂಬದಿಯ ಬುಡದಲ್ಲಿ ಚಾಪೆಯಗಲದ ಜಾಗವೊಂದು ಬೇಸಿಗೆಯಲ್ಲೂ ಒದ್ದೆಯಾಗಿರುತ್ತದೆ. ಇಳಿಜಾರಿನಲ್ಲಿ ತೊಡೆಗಾತ್ರದ ಮರಗಳು ಬೆಳೆದಿವೆ. ಮೀನು ಹೊರಹೋಗದಂತೆ ಕೋಡಿಗೆ ಕಬ್ಬಿಣದ ಜಾಲರಿ ಕಟ್ಟಿದ್ದಾರೆ. ದುರಸ್ತಿಯ ಮಾತೆತ್ತಿದರೆ ನೆರೆಯವರು ‘ಏರಿ ನಿಮ್ಮದು, ಖರ್ಚೂ ನಿಮ್ಮದೇ’ ಎನ್ನುತ್ತಾರೆ. ಮೊದಲು ಯಾವುದನ್ನು ಸರಿಪಡಿಸಬೇಕು, ನೆರೆಯವರ ಮಾತು ಎಷ್ಟರಮಟ್ಟಿಗೆ ಸರಿ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ

ಒದ್ದೆ ಜಾಗಕ್ಕಿಂತ ಮೊದಲು ನನಗೆ ಭಯ ಹುಟ್ಟಿಸಿದ್ದು ಆ ಜಾಲರಿ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸಿರಿವಂತರ ವಿಹಾರದ ಕ್ಲಬ್ಬೊಂದರ ಒಡೆತನದಲ್ಲಿದ್ದ ಸೌತ್ ಫೋರ್ಕ್ ಅಣೆಕಟ್ಟೆಯ ಕೋಡಿಗೂ ಮೀನಿಗೆಂದೇ ಜಾಲರಿ ಹಾಕಿದ್ದರು. ಗಾಡಿಗಳು ಓಡಾಡಲೆಂದು ಏರಿಯ ನೆತ್ತಿಯನ್ನು ತಗ್ಗಿಸಿದ್ದರು. ಹಿಂದಿನ ಒಡೆಯರು ಕಿತ್ತಿದ್ದ ತಳದ ಕೊಳವೆಗಳನ್ನು ಮತ್ತೆ ಕೂರಿಸಿರಲಿಲ್ಲ. 1889ರ ಮೇ 31ರಂದು ಭಾರಿ ಮಳೆಗೆ ಜಾಲರಿಯಲ್ಲಿ ಕಸಕಡ್ಡಿ ಸಿಕ್ಕಿಕೊಂಡು, ನೀರು ನೆತ್ತಿ ದಾಟಿ ಏರಿ ಒಡೆದಾಗ, ಜಾನ್ಸ್‌ಟೌನ್ ಪಟ್ಟಣವೂ ಸೇರಿದಂತೆ ಕೆಳಗಿನ ಕಣಿವೆಯಲ್ಲಿ 2,209 ಮಂದಿ ಸತ್ತರು. ನಿಮ್ಮ ಜಾಲರಿಯನ್ನು ಇಂದೇ ತೆಗೆಯಿರಿ. ಮೀನು ಹೋದರೆ ಹೋಗಲಿ.

ಇನ್ನು ಬಸಿನೀರು. ಅದನ್ನು ಒಂದು ಗಾಜಿನ ಲೋಟದಲ್ಲಿ ಹಿಡಿದು ಒಂದು ಗಂಟೆ ಅಲುಗಾಡಿಸದೆ ಇಡಿ. ನೀರು ತಿಳಿಯಾಗಿಯೇ ಉಳಿದು, ವಾರದಿಂದ ವಾರಕ್ಕೆ ಹೆಚ್ಚದಿದ್ದರೆ ಎಂಜಿನಿಯರ್ ಬರುವವರೆಗೆ ಗಮನಿಸುತ್ತಿದ್ದರೆ ಸಾಕು. ತಳದಲ್ಲಿ ಮಣ್ಣು ಕೂತರೆ ಏರಿ ಒಳಗಿನಿಂದಲೇ ಕರಗುತ್ತಿದೆ ಎಂದು ತಿಳಿಯಬೇಕು. ಮರಗಳನ್ನು ಮಾತ್ರ ಅವಸರದಲ್ಲಿ ಬೇರುಸಹಿತ ಕೀಳಬೇಡಿ, ಏಕೆಂದರೆ ನೀರು ತುಂಬಿದ್ದಾಗ ಬೇರು ಬಿಟ್ಟುಹೋದ ಗುಂಡಿಯೇ ಹೊಸ ದಾರಿಯಾಗುತ್ತದೆ.

ಎರಡನೆಯ ಉತ್ತರ

ಒಡೆತನದ ಮಾತಿಗೆ ಬಂದರೆ, ನೆರೆಯವರು ಹೇಳುವುದು ಅರ್ಧ ಸತ್ಯ. ಏರಿ ಒಡೆದು ಕೆಳಗಿನವರಿಗೆ ಹಾನಿಯಾದರೆ ಮೊದಲು ಬಾಗಿಲು ತಟ್ಟುವುದು ನಿಮ್ಮದನ್ನೇ. ಗಿರಣಿಯ ಒಡೆಯನೊಬ್ಬನ ಜಲಾಶಯದ ನೀರು ನೆರೆಯವನ ಗಣಿಗೆ ನುಗ್ಗಿದ ರೈಲ್ಯಾಂಡ್ಸ್ ಮತ್ತು ಫ್ಲೆಚರ್ ನಡುವಿನ ಮೊಕದ್ದಮೆಯಲ್ಲಿ, ಕಟ್ಟಿದ್ದು ಗುತ್ತಿಗೆದಾರರಾಗಿದ್ದರೂ, ಒಡೆಯನ ಸ್ವಂತ ಅಜಾಗರೂಕತೆ ಕಾಣದಿದ್ದರೂ, ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1868ರಲ್ಲಿ ಹೊಣೆಯನ್ನು ಒಡೆಯನ ಮೇಲೆಯೇ ಹೊರಿಸಿತು. ಎಲ್ಲ ದೇಶಗಳ ಕಾನೂನೂ ಇಷ್ಟು ಕಟುವಲ್ಲ. ಆದರೂ ‘ನಾನು ಕಟ್ಟಿಸಿದ್ದಲ್ಲ’ ಎಂಬ ಸಮಜಾಯಿಷಿಯನ್ನು ನೆಚ್ಚಿಕೊಳ್ಳಬೇಡಿ.

ಆದರೆ ಖರ್ಚಿನ ಲೆಕ್ಕ ಬೇರೆ. ನೆರೆಯವರಿಗೆ ನೀರಿನ ಬಳಕೆಯ ಹಕ್ಕು ಯಾವ ಪತ್ರದಿಂದ ಬಂತೋ ಅದೇ ಪತ್ರದಲ್ಲಿ ನಿರ್ವಹಣೆಯ ಪಾಲೂ ಬರೆದಿರಬಹುದು. ಎಂಟೂ ಮನೆಗಳ ಕ್ರಯಪತ್ರಗಳನ್ನು ವಕೀಲರಿಂದ ಓದಿಸಿ. ಅಂಥ ಷರತ್ತೇ ಇಲ್ಲದಿದ್ದರೆ, ಕೆರೆಯನ್ನು ಬರಿದು ಮಾಡುವ ಆಲೋಚನೆಯಿದೆ ಎಂದು ಒಮ್ಮೆ ಹೇಳಿ ನೋಡಿ. ದೋಣಿ ಕೆಸರಿನಲ್ಲಿ ಕೂರುತ್ತದೆ ಎಂದಾಗ ಮಾತುಕತೆಗೆ ಬಾರದವರನ್ನು ನಾನಂತೂ ಕಂಡಿಲ್ಲ.

ಪ್ರಶ್ನೆ ಕೇಳಿದವರು

ಜಾಲರಿ ಬಿಚ್ಚಿದೆವು, ಅದರ ಹಿಂದೆ ಒಂದು ಗಾಡಿಯಷ್ಟು ಕೊಳೆತ ಎಲೆ ಇತ್ತು. ಲೋಟದ ತಳದಲ್ಲಿ ಉಗುರಿನ ದಪ್ಪದಷ್ಟು ಕೆಂಪು ಮಣ್ಣು ಕೂತಿದೆ. ತೂಬಿನ ಚಕ್ರ ತುಕ್ಕು ಹಿಡಿದು ತಿರುಗುತ್ತಿಲ್ಲ.

ಮೊದಲ ಉತ್ತರ ಬರೆದವರು

ಹಾಗಿದ್ದರೆ ಕಾಯುವಂತಿಲ್ಲ. ಅಣೆಕಟ್ಟೆಯ ಕೆಲಸ ಬಲ್ಲ ಎಂಜಿನಿಯರ್ ಒಬ್ಬರನ್ನು ಇಂದೇ ಕರೆಸಿ, ಅಣೆಕಟ್ಟೆ ಸುರಕ್ಷತೆಯ ಹೊಣೆಯಿರುವ ಸರ್ಕಾರಿ ಕಚೇರಿಗೂ ತಿಳಿಸಿ. ತೂಬನ್ನು ಬಲವಂತವಾಗಿ ತಿರುಗಿಸಬೇಡಿ. ಅರ್ಧ ತೆರೆದು ಮುರಿದರೆ ಮುಚ್ಚಲಾಗದು. ಪಂಪಿನಿಂದ ನೀರಿನ ಮಟ್ಟ ಇಳಿಸಬಹುದು, ಆದರೆ ಏಕಾಏಕಿ ಇಳಿಸಿದರೆ ನೆನೆದ ಒಳಮೈ ಜಾರುವುದರಿಂದ ದಿನಕ್ಕೆ ಎಷ್ಟು ಎಂಬುದನ್ನು ಅವರೇ ಹೇಳಲಿ. ಒದ್ದೆ ಜಾಗಕ್ಕೆ ಜೇಡಿಮಣ್ಣು ಮೆತ್ತಿ ಬಾಯಿ ಮುಚ್ಚಬೇಡಿ. ನೀರು ಇನ್ನೊಂದೆಡೆ ಬಾಯಿ ತೆರೆಯುತ್ತದೆ. ಏರಿಯ ಕೆಳಗಡೆ ಯಾರ ಮನೆಗಳಿವೆಯೋ ಅವರಿಗೆ ಈ ರಾತ್ರಿಯೊಳಗೆ ವಿಷಯ ಮುಟ್ಟಿಸಿ.