ಮಳೆಗಾಲಕ್ಕೆ ಮುನ್ನ ಮಡಿಕೇರಿಯ ನಿರಾಶ್ರಿತರಿಗೆ ನೆರವು: ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ (ಮಡಿಕೇರಿಯ ನಿವಾಸಿ)

ಬಸ್ ನಿಲ್ದಾಣದ ಬೆಂಚುಗಳ ಮೇಲೆ, ಮಾರುಕಟ್ಟೆಯ ಸುತ್ತಲಿನ ಅಂಗಡಿ ಜಗಲಿಗಳಲ್ಲಿ ರಾತ್ರಿ ಮಲಗುವವರನ್ನು ನಮ್ಮ ಬಡಾವಣೆಯ ಕೆಲವರು ಬಹಳ ಕಾಲದಿಂದ ನೋಡುತ್ತಿದ್ದೇವೆ. ಜೂನ್ ಬಂತೆಂದರೆ ಎರಚಲು ಜಗಲಿಯ ಒಳಗೋಡೆಯವರೆಗೂ ಬರುವ ಊರು ನಮ್ಮದು. ಆದ್ದರಿಂದ ಮಳೆ ಹಿಡಿಯುವ ಮೊದಲೇ ಚಂದಾ ಎತ್ತಿ ಕಂಬಳಿ ಹಂಚಬೇಕು, ವಾರಕ್ಕೆರಡು ರಾತ್ರಿ ಊಟ ಕೊಡಬೇಕು ಎಂಬ ಯೋಚನೆಯಿದೆ. ಇದಕ್ಕೆ ಯಾರ ಅನುಮತಿ ಬೇಕು? ಮಾನಸಿಕವಾಗಿ ಅಸ್ವಸ್ಥರಂತೆ ಕಾಣುವವರ ವಿಷಯದಲ್ಲಿ ಹೇಗೆ ನಡೆದುಕೊಳ್ಳಬೇಕು? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಸೋಮವಾರಪೇಟೆ, ನಿವೃತ್ತ ನರ್ಸ್)

ನಿಮ್ಮ ಉದ್ದೇಶ ಒಳ್ಳೆಯದು, ಆದರೆ ಕಂಬಳಿಯಿಂದ ಆರಂಭಿಸಬೇಡಿ. ಅಗ್ಗಿಷ್ಟಿಕೆಯ ಮೇಲೆ ಹರಡಿದರೂ ಬಟ್ಟೆ ಸರಿಯಾಗಿ ಒಣಗದ ಕಕ್ಕಡ ತಿಂಗಳಿನಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕೊಡವ ತಿಂಗಳು), ಬೀದಿಯಲ್ಲಿರುವವರ ಕಂಬಳಿ ಒಮ್ಮೆ ನೆನೆದರೆ ಅದು ಹೊರಲಾರದ ಭಾರವಾಗುತ್ತದೆಯೇ ಹೊರತು ಬೆಚ್ಚಗಿಡುವುದಿಲ್ಲ. ನೆಲದ ತೇವ ಮೇಲೇರದಂತೆ ಹಾಸಲು ದಪ್ಪ ಟಾರ್ಪಾಲಿನ್, ಮೇಲೊಂದು ಪ್ಲಾಸ್ಟಿಕ್ ಹೊದಿಕೆ, ಬದಲಿಸಲು ಒಣ ಬಟ್ಟೆ, ಕಾಲಿಗೆ ಚಪ್ಪಲಿ ಇವು ಹೆಚ್ಚು ಉಪಯೋಗಕ್ಕೆ ಬರುತ್ತವೆ. ಮಳೆಗಾಲದಲ್ಲಿ ಇವರ ಪಾದಗಳನ್ನು ನೋಡಿದರೆ ಅರ್ಧ ಕಥೆ ತಿಳಿಯುತ್ತದೆ: ಬೆರಳ ಸಂದಿಯ ಹುಣ್ಣು, ಜಿಗಣೆ ಕಚ್ಚಿದ ಗಾಯ, ಸಕ್ಕರೆ ಕಾಯಿಲೆಯವರಲ್ಲಿ ವಾಸಿಯಾಗದ ವ್ರಣ. ನಿಂತ ನೀರಿನಲ್ಲಿ ಗಾಯದ ಕಾಲಿಟ್ಟು ಓಡಾಡುವವರಿಗೆ ಇಲಿಜ್ವರದ ಅಪಾಯವೂ ಉಂಟು. ಜ್ವರದೊಂದಿಗೆ ಮೀನಖಂಡದ ನೋವು ಅಥವಾ ಹಳದಿಗಣ್ಣು ಕಂಡರೆ ಮಾತ್ರೆ ಕೊಟ್ಟು ಸುಮ್ಮನಾಗದೆ 108ಕ್ಕೆ ಕರೆ ಮಾಡಿ ಜಿಲ್ಲಾ ಆಸ್ಪತ್ರೆಗೆ ಸೇರಿಸಬೇಕು.

ಮೊದಲ ಕೆಲವು ವಾರ ಏನನ್ನೂ ಹಂಚದೆ ಬರಿಗೈಯಲ್ಲಿ ಹೋಗಿ ಎಂಬುದೇ ನನ್ನ ಮುಖ್ಯ ಸಲಹೆ. ಹತ್ತು ಮಂದಿ ಒಟ್ಟಾಗಿ ಹೋದರೆ ಅವರು ಹೆದರುತ್ತಾರೆ. ಪ್ರತಿ ಸಲವೂ ಅದೇ ಇಬ್ಬರು, ಸಾಧ್ಯವಾದರೆ ಅವರಲ್ಲಿ ಒಬ್ಬ ಮಹಿಳೆ, ಹೋಗಿ ಮಾತನಾಡಿಸಬೇಕು. ಹೆಸರು, ಊರು, ನೋವು ಎಲ್ಲಿ ಎಂಬುದು ತಿಳಿದ ಮೇಲೆ ಏನು ಕೊಡಬೇಕೆಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ. ಫೋಟೊ ಬೇಡವೇ ಬೇಡ.

ಉತ್ತರ 2 (ವಿರಾಜಪೇಟೆ, ವಕೀಲರು)

ಅಸ್ವಸ್ಥರ ಬಗ್ಗೆ ಕೇಳಿದ್ದೀರಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಕಲಮಿನ ಪ್ರಕಾರ, ಮಾನಸಿಕ ಕಾಯಿಲೆಯಿಂದ ತಮ್ಮನ್ನು ತಾವು ನೋಡಿಕೊಳ್ಳಲಾಗದೆ ಅಲೆಯುತ್ತಿರುವವರನ್ನು ರಕ್ಷಣೆಗೆ ತೆಗೆದುಕೊಳ್ಳುವುದು ಠಾಣಾಧಿಕಾರಿಯ ಕರ್ತವ್ಯ. ಅಂಥವರನ್ನು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು, ಲಾಕಪ್ಪಿನಲ್ಲಿ ಇಡುವಂತಿಲ್ಲ; ಮನೆಯಿಲ್ಲದವರಾದರೆ ಕಾಣೆಯಾದವರ ಪ್ರಕರಣ ದಾಖಲಿಸಿ ಕುಟುಂಬವನ್ನು ಹುಡುಕಬೇಕು. ಈ ಕಲಮನ್ನು ಉಲ್ಲೇಖಿಸಿ ಲಿಖಿತವಾಗಿ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ಮನವಿಗೆ ಬೆಲೆ ಕಡಿಮೆ. ಸ್ವಯಂಸೇವಕರು ತಾವೇ ಯಾರನ್ನಾದರೂ ಬಲವಂತವಾಗಿ ವಾಹನಕ್ಕೆ ಹತ್ತಿಸುವುದು ಮಾತ್ರ ಸರಿಯಲ್ಲ.

ಮೈಸೂರಿನಲ್ಲಿರುವ ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಕಳುಹಿಸಿಬಿಡಿ ಎಂದು ಯಾರಾದರೂ ಸಲಹೆ ನೀಡಿಯೇ ನೀಡುತ್ತಾರೆ. ಆ ಕೇಂದ್ರಗಳು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ, ನಾವು ಆಸ್ತಿ ತೆರಿಗೆಯ ಜೊತೆ ಕಟ್ಟುವ ಭಿಕ್ಷುಕರ ಉಪಕರದಿಂದ ನಡೆಯುತ್ತವೆ. ಆದರೆ ಬೀದಿಯಲ್ಲಿ ಮಲಗುವವರೆಲ್ಲರೂ ಭಿಕ್ಷುಕರಲ್ಲ. ಹಗಲೆಲ್ಲ ಹೋಟೆಲಿನಲ್ಲಿ ಪಾತ್ರೆ ತೊಳೆದು ರಾತ್ರಿ ಜಗಲಿಗೆ ಬರುವವರನ್ನು ಅಲ್ಲಿಗೆ ಕಳುಹಿಸಿದರೆ ಇದ್ದ ಕೆಲಸವನ್ನೂ ಕಿತ್ತುಕೊಂಡಂತಾಗುತ್ತದೆ. ಅದಕ್ಕಿಂತ, ಮಳೆಯ ತಿಂಗಳುಗಳಿಗಾದರೂ ಒಂದು ಸಭಾಭವನವನ್ನು ರಾತ್ರಿ ತಂಗಲು ತೆರೆದಿಡುವಂತೆ ನಗರಸಭೆಯನ್ನು ಕೇಳಿ. ಊಟ ಹಂಚುವ ಜಾಗದ ಬಗ್ಗೆಯೂ ಅದೇ ಪತ್ರದಲ್ಲಿ ತಿಳಿಸಿದರೆ ಸಾಕು.

ಉತ್ತರ 3 (ಸಿದ್ದಾಪುರ)

ಮೇಲಿನ ಇಬ್ಬರೂ ಪಟ್ಟಣವನ್ನಷ್ಟೇ ನೋಡಿ ಬರೆದಿದ್ದಾರೆ ಎಂದು ಗೌರವಪೂರ್ವಕವಾಗಿ ಹೇಳಬಯಸುತ್ತೇನೆ. ಕೊಡಗಿನಲ್ಲಿ ಮನೆಯಿಲ್ಲದವರಲ್ಲಿ ಬಹುಮಂದಿ ಬಸ್ ನಿಲ್ದಾಣದಲ್ಲಿ ಕಾಣಸಿಗುವುದಿಲ್ಲ. ತೋಟದ ಲೈನ್ ಮನೆಯಲ್ಲಿ (ಕಾರ್ಮಿಕರಿಗೆ ತೋಟದವರು ಕೊಡುವ ಸಾಲುಮನೆ) ದಶಕಗಳ ಕಾಲ ಬದುಕಿ, ಮೈಯಲ್ಲಿ ಕಸುವು ಇಳಿದ ಮೇಲೆ ಕೆಲಸದೊಂದಿಗೆ ಸೂರನ್ನೂ ಕಳೆದುಕೊಳ್ಳುವ ಮುದುಕರಿದ್ದಾರೆ. 2019ರ ಪ್ರವಾಹದಲ್ಲಿ ಕರಡಿಗೋಡು, ನೆಲ್ಯಹುದಿಕೇರಿಯ ಹೊಳೆದಂಡೆಯಲ್ಲಿ ಮನೆ ಕಳೆದುಕೊಂಡವರ ಪಾಡನ್ನೂ ನಾವು ಕಂಡಿದ್ದೇವೆ. ಇಂಥವರಿಗೆ ಊಟಕ್ಕಿಂತ ಕಾಗದಪತ್ರ ದೊಡ್ಡದು. ಪಡಿತರ ಚೀಟಿ, ಆಧಾರ್, ವೃದ್ಧಾಪ್ಯ ವೇತನದ ಅರ್ಜಿ ಬರೆದುಕೊಟ್ಟು, ತಾಲ್ಲೂಕು ಕಚೇರಿಗೆ ಜೊತೆಯಲ್ಲಿ ಹೋಗಿ ಸಾಲಿನಲ್ಲಿ ನಿಲ್ಲುವ ಇಬ್ಬರು ನಿಮ್ಮ ತಂಡದಲ್ಲಿದ್ದರೆ ಅದೇ ದೊಡ್ಡ ಸೇವೆ. ಯಾರೂ ಇಲ್ಲದ ಹಿರಿಯರ ವಿಷಯದಲ್ಲಿ 14567 ಸಹಾಯವಾಣಿಯನ್ನೂ ಬಳಸಬಹುದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಲೈನ್ ಮನೆಗಳ ವಿಷಯ ನಮ್ಮ ಚಿಕ್ಕ ತಂಡದ ಕೈಗೆ ಈ ವರ್ಷ ಎಟುಕದು. ಪಟ್ಟಣದಲ್ಲೇ ಅರ್ಜಿ ಬರೆಯುವ ಕೆಲಸವನ್ನು ಸೇರಿಸಿಕೊಳ್ಳುತ್ತೇವೆ. ಇನ್ನೊಂದು ಸಂದೇಹ: ಕುಡಿದು ಮಲಗಿದವರಿಗೆ ಊಟ ಕೊಡಬೇಕೆ? ನಮ್ಮಲ್ಲಿ ಇದರ ಬಗ್ಗೆ ಭಿನ್ನಾಭಿಪ್ರಾಯವಿದೆ.

ಉತ್ತರ 1 ಬರೆದವರು

ಕೊಡಬೇಕು. ಆದರೆ ಎಬ್ಬಿಸಿ, ಕುಳ್ಳಿರಿಸಿ, ಎಚ್ಚರವಿದ್ದಾರೆಂದು ಖಚಿತವಾದ ಮೇಲೆ ಮಾತ್ರ ಕೊಡಿ. ಅರೆಎಚ್ಚರದಲ್ಲಿ ತಿಂದರೆ ಅನ್ನ ಶ್ವಾಸನಾಳಕ್ಕೆ ಹೋಗುವ ಭಯವಿರುತ್ತದೆ. ಏಳದಿದ್ದರೆ ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ, ಮೈ ತಣ್ಣಗಿದ್ದರೆ ಅಥವಾ ಉಸಿರು ನಿಧಾನವಾಗಿದ್ದರೆ ಅದನ್ನು ಅಮಲೆಂದು ಬಿಟ್ಟುಬರದೆ 108ಕ್ಕೆ ಕರೆ ಮಾಡಿ, ಆಂಬ್ಯುಲೆನ್ಸ್ ಬರುವವರೆಗೆ ನಿಮ್ಮಲ್ಲೊಬ್ಬರು ಅಲ್ಲೇ ಇರಿ.