‘ಹೇ ಫೀವರ್’ಗೆ ಕನ್ನಡದಲ್ಲಿ ಏನೆನ್ನಬೇಕು? ಫಲಕ ಶುಕ್ರವಾರ ಅಚ್ಚಿಗೆ ಹೋಗುತ್ತದೆ

ಅನುವಾದಕಿ, ಉಡುಪಿ:

ಮಾನ್ಯರೆ, ಇಲ್ಲಿನ ಕಿವಿ, ಮೂಗು, ಗಂಟಲಿನ ಚಿಕಿತ್ಸಾಲಯವೊಂದಕ್ಕೆ ಗೋಡೆಯ ಫಲಕವನ್ನೂ ರೋಗಿಗಳ ಕೈಗೆ ಕೊಡುವ ನಾಲ್ಕು ಪುಟದ ಕರಪತ್ರವನ್ನೂ ಕನ್ನಡಕ್ಕೆ ತರುತ್ತಿದ್ದೇನೆ. ಮೂಲ ಇಂಗ್ಲೆಂಡಿನವರಿಗಾಗಿ ಬರೆದದ್ದು; ಶೀರ್ಷಿಕೆಯೇ ‘ಹೇ ಫೀವರ್’, ಅಂದರೆ ಪರಾಗದಂಥವು ಮೈಗೆ ಆಗದೆ ಸೀನು ಬಂದು ಮೂಗು ಸುರಿಯುವ ಅಲರ್ಜಿ. ಶುಕ್ರವಾರ ಸಂಜೆಯೊಳಗೆ ಅಚ್ಚಿನವರಿಗೆ ಒಪ್ಪಿಸಬೇಕು. ‘ಹುಲ್ಲುಜ್ವರ’, ‘ಹೇ ಜ್ವರ’, ‘ಪರಾಗಜ್ವರ’ ಎಂಬ ಮೂರು ಪದಗಳನ್ನು ಗುರುತು ಹಾಕಿಕೊಂಡಿದ್ದೇನೆ, ಆದರೆ ಮೂರರಲ್ಲಿ ಒಂದೂ ಮನಸ್ಸಿಗೆ ಬರುತ್ತಿಲ್ಲ. ಮಳೆಗಾಲ ಬಂತೆಂದರೆ ನಮ್ಮಲ್ಲಿ ಇಲಿಜ್ವರ, ಡೆಂಗಿಜ್ವರಗಳ ಎಚ್ಚರಿಕೆ ಎಲ್ಲ ಕಡೆ ಕಾಣಿಸಿಕೊಳ್ಳುತ್ತದೆ. ಅದರ ಪಕ್ಕದಲ್ಲಿ ‘ಹುಲ್ಲುಜ್ವರ’ ಎಂಬ ಫಲಕವನ್ನು ತೂಗುಹಾಕಿದರೆ, ದನಕ್ಕೆ ಹುಲ್ಲು ಹೆರೆಯುವವರಿಗೆ ತಗಲುವ ಹೊಸ ಜ್ವರವೊಂದು ಹುಟ್ಟಿಕೊಂಡಿದೆಯೆಂದು ಜನ ಗಾಬರಿಯಾಗುವುದು ಖಂಡಿತ.

ಒಳಗಿನ ಮಾತುಗಳದ್ದೂ ತೊಡಕೇ. ಪರಾಗ ಮೆತ್ತಿಕೊಳ್ಳದಂತೆ ಬಟ್ಟೆಯನ್ನು ಮನೆಯೊಳಗೆ ಒಣಗಿಸಿ, ಕಿಟಕಿ ಮುಚ್ಚಿಡಿ ಎಂದು ಮೂಲ ಹೇಳುತ್ತದೆ. ನಮ್ಮ ಚಾವಡಿಯಲ್ಲಿ ಜೂನ್ ತಿಂಗಳಲ್ಲಿ ಹಗ್ಗ ಕಟ್ಟಿದ್ದೆವು. ಮೂರು ದಿನವಾದರೂ ಆರದ ಲುಂಗಿಯ ಹಿಂದೆ, ಸುಣ್ಣದ ಗೋಡೆಯ ಮೇಲೆ, ಸರಿಯಾಗಿ ಆ ಲುಂಗಿಯ ಅಗಲದ್ದೇ ಒಂದು ಕಪ್ಪು ಬೂಷ್ಟಿನ ಪಟ್ಟಿ ಈಗ ಎದ್ದುನಿಂತಿದೆ. ಇಂಥ ಸಲಹೆಯನ್ನು ಪದಕ್ಕೆ ಪದ ಇಳಿಸಿದರೆ ನನ್ನ ಅನುವಾದವೇ ಸೀನು ತರಿಸುತ್ತದೆ. ದಯವಿಟ್ಟು ಶೀರ್ಷಿಕೆಗೊಂದು ಪದ, ಜೊತೆಗೆ ಹಾಸಿಗೆಯ ಧೂಳಿನಲ್ಲಿರುವ ಸೂಕ್ಷ್ಮಜೀವಿಗೊಂದು ಹೆಸರು ತಿಳಿಸಿ.

ನಿವೃತ್ತ ಕನ್ನಡ ಅಧ್ಯಾಪಕರು, ಮೈಸೂರು:

‘ಹುಲ್ಲುಜ್ವರ’ ಕನ್ನಡಕ್ಕೆ ಸಂಸ್ಕೃತವನ್ನು ಬೆಸೆದ ಅರಿಸಮಾಸ. ಕೈಬಿಡಿ. ‘ತೃಣಜ್ವರ’ ಎಂದರೆ ವ್ಯಾಕರಣಕ್ಕೆ ಬಾಧೆಯಿಲ್ಲ. ಅದಕ್ಕಿಂತ ಮೇಲು, ಆಯುರ್ವೇದದಲ್ಲಿ ಸಾವಿರಾರು ವರ್ಷಗಳಿಂದ ಇರುವ ‘ಪ್ರತಿಶ್ಯಾಯ’ವನ್ನು ಬಳಸಿ, ನೆರೆಯ ತೆಲುಗರು ನೆಗಡಿಗೆ ದಿನವೂ ಆಡುವ ‘ಪಡಿಶಂ’ ಅದರ ತದ್ಭವವೇ. ಬರೀ ಸೀನಿಗೂ ಸುಶ್ರುತನಲ್ಲಿ ‘ಕ್ಷವಥು’ ಎಂಬ ಪ್ರತ್ಯೇಕ ಹೆಸರಿದೆ. ಖಾರವಾದ ವಸ್ತುಗಳನ್ನು ಮೂಸುವುದರಿಂದ, ಮೂಗಿನೊಳಗೆ ನೂಲು ಮುಂತಾದವನ್ನು ಆಡಿಸುವುದರಿಂದ, ಸೂರ್ಯನನ್ನು ದಿಟ್ಟಿಸುವುದರಿಂದಲೂ ಅದು ಬರುತ್ತದೆಂದು ಆತ ಬಿಡಿಸಿ ಹೇಳಿದ್ದಾನೆ. ಹೊರಗಿನ ಕಾರಣದಿಂದ ಹುಟ್ಟುವ ಸೀನಿಗೆ ನಮ್ಮಲ್ಲಿ ಶಬ್ದವಿಲ್ಲವೆಂದು ಕೊರಗುವವರು ಮೊದಲು ಓದಿಕೊಳ್ಳಲಿ.

ಅಡಿಕೆ ಬೆಳೆಗಾರರು, ಶಿರಸಿ:

ಮೇಷ್ಟರ ವಿದ್ವತ್ತಿಗೆ ನಮಸ್ಕಾರ. ಆದರೆ ಫಲಕವನ್ನು ಓದುವವರು ಮೂಗು ಒರೆಸಿಕೊಳ್ಳುತ್ತಾ ಸಾಲಿನಲ್ಲಿ ನಿಂತ ರೋಗಿಗಳು, ‘ತೃಣ’ವನ್ನು ಅವರಿಗೆ ಯಾರು ಅರ್ಥಮಾಡಿಸಬೇಕು? ಸಮಾಸದ ಮಾತಿಗೆ ಮೊದಲು ಪದಾರ್ಥವನ್ನಾದರೂ ನೋಡೋಣ. ಇಂಗ್ಲಿಷರ ‘ಹೇ’ ನಮ್ಮ ‘ಹುಲ್ಲು’ ಅಲ್ಲ. ಗದ್ದೆಯ ಕಡೆಯವರಿಗೆ ಹುಲ್ಲೆಂದರೆ ಬತ್ತ ಬಡಿದ ಮೇಲೆ ಉಳಿಯುವ ಬೈಹುಲ್ಲು, ಬಯಲುಸೀಮೆಯವರ ದನಕ್ಕೆ ಜೋಳದ ಕಣಕಿ. ಹೇ ಎಂಬುದಕ್ಕೆ ಹತ್ತಿರದ್ದು ಏನಾದರೂ ಇದ್ದರೆ ಅದು ನಮ್ಮ ಬ್ಯಾಣದಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಮಳೆಗಾಲ ಕಳೆದ ಮೇಲೆ ಕೊಯ್ದು ಒಣಗಿಸುವ ಕರಡ. ‘ಕರಡಜ್ವರ’ ಎಂದರೆ ಮುಂದಿನ ವಾರ ಯಾರಾದರೂ ಅದನ್ನು ಕರಡಿಜ್ವರ ಎಂದು ಓದುತ್ತಾರೆ.

ನನ್ನದೊಂದು ಪದವಿದೆ, ಅದು ‘ನಂಜು’. ಗಾಯ ಮಾಯದಿದ್ದಾಗ ಬದನೆಕಾಯಿ ನಂಜು, ತಿನ್ನಬೇಡ ಎಂದು ಅಜ್ಜಿ ಹೇಳುತ್ತಿದ್ದಳಲ್ಲ, ಆ ನಂಜು. ಒಬ್ಬರಿಗೆ ಅನ್ನವಾದದ್ದು ಇನ್ನೊಬ್ಬರ ಮೈಯನ್ನು ಕೆರಳಿಸುತ್ತದೆಂಬ ತಿಳಿವಳಿಕೆ ಆ ಒಂದು ಪದದಲ್ಲಿದೆ. ತಮಿಳಿನಲ್ಲೂ ನಂಜು, ಮಲಯಾಳದಲ್ಲೂ ನಂಜು, ಅಪ್ಪಟ ದ್ರಾವಿಡ. ವಿಷ ಕುಡಿದ ಶಿವನನ್ನೇ ನಂಜುಂಡ ಎಂದು ಕರೆದ ನುಡಿ ನಮ್ಮದು. ‘ಧೂಳುನಂಜು’, ‘ಹೂನಂಜು’ ಎಂದು ಬರೆಯಿರಿ, ಯಾರೂ ಬೋರ್ಡಿನ ಮುಂದೆ ತಬ್ಬಿಬ್ಬಾಗುವುದಿಲ್ಲ.

ವೈದ್ಯರು, ಮಂಗಳೂರು:

ತಬ್ಬಿಬ್ಬಾಗುತ್ತಾರೆ, ಕ್ಷಮಿಸಿ. ಗಾಯ ಕೀವಾದರೂ ನಂಜಾಗಿದೆ ಎಂದೇ ನಮ್ಮ ರೋಗಿಗಳು ಹೇಳುವುದು. ‘ಧೂಳುನಂಜು’ ಎಂದು ಬರೆದ ಮರುದಿನ ನನ್ನ ಮುಂದೆ ಕುಳಿತವರು ‘ಡಾಕ್ಟರೆ, ನಂಜು ಇಳಿಯಲಿಕ್ಕೆ ಆಂಟಿಬಯಾಟಿಕ್ ಕೊಡಿ’ ಎನ್ನುತ್ತಾರೆ. ಈ ಕಾಯಿಲೆಗೆ ಅದು ಬೇಡವೇ ಬೇಡ.

ಹೆಸರಿನ ಎರಡು ತುಂಡುಗಳೂ ಸುಳ್ಳೆಂಬುದನ್ನು ಮೊದಲು ಗಮನಿಸಬೇಕು. ಲಂಡನ್ನಿನ ವೈದ್ಯ ಜಾನ್ ಬೋಸ್ಟಾಕ್ 1819ರಲ್ಲಿ ತನ್ನದೇ ಕಣ್ಣು, ಮೂಗು, ಎದೆಯ ಕಾಟವನ್ನು ವೈದ್ಯರ ಸಭೆಯ ಮುಂದಿಟ್ಟು, 1828ರಲ್ಲಿ ಅದಕ್ಕೆ ‘ಬೇಸಿಗೆಯ ಶೀತ’ ಎಂಬ ಅರ್ಥದ ಲ್ಯಾಟಿನ್ ಹೆಸರು ಕೊಟ್ಟ. ಹೊಸದಾಗಿ ಕೊಯ್ದ ಒಣಹುಲ್ಲಿನ ವಾಸನೆಯಿಂದ ಅದು ಬರುತ್ತದೆಂಬುದು ಜನರ ನಂಬಿಕೆಯಾಗಿತ್ತು. ಬೋಸ್ಟಾಕ್ ಅದನ್ನು ಒಪ್ಪಿರಲಿಲ್ಲ. ಮುಂದೆ ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿ ಎಂಬ ವೈದ್ಯ ಹುಲ್ಲುಗಳ ಪರಾಗವನ್ನು ತನ್ನ ಮೂಗಿಗೂ ಚರ್ಮಕ್ಕೂ ತಾಗಿಸಿಕೊಂಡು, ಗಾಳಿಪಟಕ್ಕೆ ಅಂಟುಗಾಜು ಕಟ್ಟಿ ಮೇಲಿನ ಗಾಳಿಯಲ್ಲಿರುವ ಪರಾಗವನ್ನು ಹಿಡಿದು, ಕಾರಣ ಪರಾಗವೇ ಎಂದು 1873ರಲ್ಲಿ ತೋರಿಸಿದ. ಇನ್ನು ಜ್ವರ? ಈ ಕಾಯಿಲೆಯಲ್ಲಿ ಜ್ವರವೇ ಬರುವುದಿಲ್ಲ. ಮೈ ಬಿಸಿಯಾಗಿದ್ದರೆ ಬೇರೆ ರೋಗವನ್ನು ಹುಡುಕಬೇಕು, ಮಳೆಗಾಲದಲ್ಲಂತೂ ರಕ್ತಪರೀಕ್ಷೆ ಮಾಡಿಸಬೇಕು. ನಮ್ಮ ಮಲೆನಾಡಿನವರ ಜಾಣತನವನ್ನು ನೋಡಿ: 1957ರಲ್ಲಿ ಕ್ಯಾಸನೂರಿನ ಕಾಡಿನಲ್ಲಿ ಕಂಡುಬಂದದ್ದು ಸುಡುವ ಜ್ವರವಾಗಿದ್ದರೂ ಅವರು ಅದನ್ನು ‘ಮಂಗನ ಕಾಯಿಲೆ’ ಎಂದರು. ಜ್ವರವಿಲ್ಲದ್ದನ್ನು ನಾವು ಜ್ವರವೆಂದು ಕರೆದರೆ ಜನ ಅಂಗಡಿಯಿಂದ ಪ್ಯಾರಾಸಿಟಮಾಲ್ ತಂದು ನುಂಗಿ ಸುಮ್ಮನಾಗುತ್ತಾರೆ.

‘ಪರಾಗಜ್ವರ’ವೂ ಕರಾವಳಿಗೆ ಸಲ್ಲದು. ನಮ್ಮಲ್ಲಿ ಪರಾಗದಿಂದ ಯಾರೂ ಸೀನುವುದಿಲ್ಲವೆಂದಲ್ಲ. ಗಾಳಿಯಲ್ಲಿ ಪರಾಗ ತೂರುವ ಹುಲ್ಲುಗಳಿವೆ, ಕಡಲತೀರದ ಗಾಳಿಮರವಿದೆ, ಬಯಲುಸೀಮೆಗೆ ಹೋದರೆ ಕಾಂಗ್ರೆಸ್ ಹುಲ್ಲಿದೆ. ಆದರೆ ಇಂಗ್ಲೆಂಡಿನವರಂತೆ ವರ್ಷಕ್ಕೊಂದು ಋತುವಿನಲ್ಲಿ ಸೀನಿ ಉಳಿದ ತಿಂಗಳು ಆರಾಮವಾಗಿರುವ ಭಾಗ್ಯ ಬೆಚ್ಚಗೆ ತೇವವಾಗಿರುವ ಊರಿನವರಿಗೆ ಕಡಿಮೆ. ಇಲ್ಲಿ ಮುಖ್ಯ ಅಪರಾಧಿಗಳು ಮನೆಯೊಳಗಿವೆ: ಗೋಡೆಯ ಬೂಷ್ಟು, ಜಿರಳೆ, ಎಲ್ಲಕ್ಕಿಂತ ಹೆಚ್ಚಾಗಿ ಹಾಸಿಗೆ ದಿಂಬುಗಳಲ್ಲಿರುವ, ಮಿಲಿಮೀಟರಿನ ಮೂರನೇ ಒಂದು ಪಾಲಿನಷ್ಟೂ ಇಲ್ಲದ ಎಂಟು ಕಾಲಿನ ಜೀವಿ. ಅದು ನಮ್ಮ ಮೈಯಿಂದ ಉದುರಿದ ಚರ್ಮದ ಹೊಟ್ಟನ್ನು ತಿನ್ನುತ್ತದೆ, ಬಾಯಾರಿದರೆ ಗಾಳಿಯ ತೇವವನ್ನೇ ಹೀರುತ್ತದೆ. ಗಾಳಿಯ ತೇವಾಂಶ ಶೇಕಡಾ 50ಕ್ಕಿಂತ ಕೆಳಗಿಳಿದು ಅಲ್ಲೇ ನಿಂತರೆ ಒಣಗಿ ಸಾಯುತ್ತದೆ. ಮಳೆಗಾಲದಲ್ಲಿ ನಮ್ಮದು 80ರಿಂದ ಕೆಳಗೆ ಬರುವುದೇ ಅಪರೂಪ. ಬೆಳಿಗ್ಗೆ ಕಣ್ಣು ಬಿಟ್ಟೊಡನೆ ಹತ್ತಿಪ್ಪತ್ತು ಸೀನು, ನೀರಿನಂತೆ ಸುರಿಯುವ ಮೂಗು, ಕಣ್ಣಿನ ತುರಿಕೆ; ಅಂಗೈಯಿಂದ ಮೂಗಿನ ತುದಿಯನ್ನು ಮೇಲಕ್ಕೆ ಉಜ್ಜಿ ಉಜ್ಜಿ ಮೂಗಿನ ಮೇಲೆ ಅಡ್ಡಗೆರೆ ಬಿದ್ದಿರುವ ಮಕ್ಕಳು. ಇವರಿಗೆ ಪರಾಗದ ಹೆಸರು ಹೇಳಿ ಕಿಟಕಿ ಮುಚ್ಚಿಸಿದರೆ ಶತ್ರುವನ್ನು ಒಳಗಿಟ್ಟು ಬಾಗಿಲು ಹಾಕಿದ ಹಾಗಾಗುತ್ತದೆ.

ಪದರಚನೆಯ ಆಸಕ್ತರು, ಬೆಂಗಳೂರು:

ಡಾಕ್ಟರು ರೋಗದ ಬಗ್ಗೆ ಬರೆದರು, ನುಡಿಯ ಬಗ್ಗೆ ಬರೆಯಲಿಲ್ಲ. ಕೊನೆಗೆ ‘ಅಲರ್ಜಿ’ಗೇ ಬಂದು ನಿಲ್ಲುತ್ತೀರೆಂದು ನನಗೆ ಈಗಲೇ ಕಾಣುತ್ತಿದೆ. ಅರಿಯದಿರುವಿಕೆ ಎಂಬರ್ಥದ ಹಳಗನ್ನಡದ ‘ಅರಿಯಮೆ’ಯ ಮಾದರಿಯಲ್ಲಿ ‘ಒಗ್ಗು’ ಧಾತುವಿನಿಂದ ‘ಒಗ್ಗಮೆ’ ಸೊಗಸಾಗಿ ಆಗುತ್ತದೆ. ಪರಾಗಕ್ಕೆ ‘ಬಂಡು’ ಇದೆ. ‘ಬಂಡಿನೊಗ್ಗಮೆ’ ಎಂದರೆ ಅಚ್ಚಗನ್ನಡ, ಅರಿಸಮಾಸದ ಗೊಡವೆಯೂ ಇಲ್ಲ.

ಅಧ್ಯಾಪಕರು, ಮೈಸೂರು:

ಬಂಡು ಪರಾಗವಲ್ಲ, ಮಕರಂದ. ಬಂಡುಣಿ, ಅಂದರೆ ದುಂಬಿ, ಉಣ್ಣುವುದು ಅದನ್ನೇ. ಅಚ್ಚಗನ್ನಡವನ್ನು ಕಟ್ಟುವವರಿಗೆ ಇರುವ ಕನ್ನಡ ತಿಳಿದಿರಬೇಕು.

ಪತ್ರಿಕೆಯೊಂದರ ಕರಡು ತಿದ್ದುವವರು, ಧಾರವಾಡ:

‘ಒಗ್ಗಮೆ’ ಎಂದು ಬರೆದರೆ ‘ಒಗ್ಗರಣೆ’ಯ ಅಚ್ಚಿನ ದೋಷವೆಂದು ನಾನೇ ತಿದ್ದಿಬಿಡುತ್ತೇನೆ, ನಂಬಿ.

‘ಅಲರ್ಜಿ’ ಎಂಬ ಪದ ಇಂಗ್ಲಿಷರಿಗೂ ಮನೆಯದಲ್ಲ. ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ 1906ರಲ್ಲಿ ‘ಬೇರೆ’, ‘ಕೆಲಸ’ ಎಂಬರ್ಥದ ಎರಡು ಗ್ರೀಕ್ ಪದಗಳನ್ನು ಬೆಸೆದು, ಜರ್ಮನ್ ಲೇಖನವೊಂದರಲ್ಲಿ ಅದನ್ನು ಹುಟ್ಟಿಸಿದ. ಅವರು ಜರ್ಮನ್ನಿನಿಂದ ಕಡ ತಂದರು, ನಾವು ಅವರಿಂದ ತಂದೆವು. ‘ಆಸ್ಪತ್ರೆ’ಯನ್ನು ಎರವಲೆಂದು ಈಗ ಯಾರೂ ಎಣಿಸುವುದಿಲ್ಲ; ಅದರೊಳಗಿನ ಫಲಕದ ಒಂದು ಪದಕ್ಕೆ ಇಷ್ಟೊಂದು ಸೂತಕವೇಕೆ? ಹಳಗನ್ನಡದ ವ್ಯಾಕರಣಕಾರ ಕೇಶಿರಾಜ ಬೇಡವೆಂದದ್ದು ಸಂಸ್ಕೃತ, ಕನ್ನಡಗಳ ಮನಬಂದ ಬೆರಕೆಯನ್ನು. ಗ್ರೀಕಿನ ವಿಷಯದಲ್ಲಿ ಆತನ ಅಪ್ಪಣೆ ಏನೂ ಇಲ್ಲ. ‘ಅಲರ್ಜಿ ನೆಗಡಿ’ ಎಂದು ಬರೆದು ಮುಗಿಸಿ, ತಂಗಿ. ನಮ್ಮ ಕಡೆಯ ಹೆಣ್ಣುಮಗಳೊಬ್ಬಳು ಡಾಕ್ಟರ ಮುಂದೆ ‘ನನಗ ಧೂಳ ಆಗಿಬರಂಗಿಲ್ಲ’ ಎನ್ನುತ್ತಾಳೆ, ಆ ಕ್ರಿಯಾಪದವನ್ನು ಒಳಗಿನ ಪುಟದಲ್ಲಿ ಬಳಸಿಕೊಳ್ಳಿ. ‘ನಿಮಗೆ ಆಗಿಬಾರದ ವಸ್ತು’ ಎಂದರೆ ಸಾಕು, ಅದಕ್ಕೊಂದು ಭಾವನಾಮವನ್ನು ಕಡೆಯುವ ಅಗತ್ಯವಿಲ್ಲ.

ಪದರಚನೆಯ ಆಸಕ್ತರು, ಬೆಂಗಳೂರು:

ಬಂಡಿನ ವಿಷಯದಲ್ಲಿ ತಪ್ಪು ನನ್ನದು. ಉಳಿದದ್ದರಲ್ಲಿ ಅಲ್ಲ. ಸೋಮಾರಿತನಕ್ಕೆ ಉದಾರತೆಯ ಹೆಸರು ಕೊಡಬೇಡಿ.

ವೈದ್ಯರು, ಮಂಗಳೂರು:

‘ನೆಗಡಿ’ ಘಟ್ಟದ ಮೇಲಿನ ಮಾತು. ಇಲ್ಲಿ ‘ಶೀತ ಆಗಿದೆ’ ಎನ್ನುತ್ತಾರೆ. ಹಾಸಿಗೆಯ ಜೀವಿಗೆ ‘ಧೂಳುನುಸಿ’ ಸರಿಹೋಗುತ್ತದೆ. ತೆಂಗಿನ ಕಾಯಿಗೆ ನುಸಿರೋಗ ಬಂದ ಮೇಲೆ ರೈತರಿಗೆ ಆ ಪದ ಚೆನ್ನಾಗಿ ಗೊತ್ತು. ಆದರೆ ಒಂದು ಅಪಾಯವಿದೆ. ನುಸಿ ಎಂದೊಡನೆ ಮನೆಮಂದಿಗೆ ನುಸಿಗುಳಿಗೆ ನೆನಪಾಗುತ್ತದೆ, ದಿಂಬಿನ ಕೆಳಗೆ ನಾಲ್ಕು ಬಿಳಿ ಗುಳಿಗೆ ಇಟ್ಟು ಮಲಗುತ್ತಾರೆ. ನುಸಿಯ ಕಾಟ ಅದರಿಂದ ತಪ್ಪುವುದಿಲ್ಲ, ಆ ವಾಸನೆಗೇ ಮೂಗು ಇನ್ನಷ್ಟು ಕೆರಳುತ್ತದೆ. ‘ನುಸಿಗುಳಿಗೆ ಬೇಡ’ ಎಂಬ ಮಾತು ಪದದ ಬೆನ್ನಿಗೇ ಬರಲಿ. ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ 60 ಡಿಗ್ರಿಯಷ್ಟು ಬಿಸಿನೀರಿನಲ್ಲಿ ಒಗೆಯಬೇಕು. ಬಚ್ಚಲಿನಲ್ಲಿ ಹಂಡೆ ಉರಿಯುವ ಮನೆಗಳಿಗೆ ಇದಕ್ಕಾಗಿ ಯಂತ್ರ ಬೇಕಿಲ್ಲ. ಬಿಸಿಲು ಬಿದ್ದ ದಿನ ಹಾಸಿಗೆಯನ್ನು ಅಂಗಳಕ್ಕೆ ಹಾಕಿ.

ಔಷಧದ ಪುಟದಲ್ಲಿ ಕ್ರಿಯಾಪದಗಳ ಮೇಲೆ ಕಣ್ಣಿಡಿ. ಸ್ಟೀರಾಯ್ಡ್ ಇರುವ ಮೂಗಿನ ಸ್ಪ್ರೇಯನ್ನು ‘ಬೇಕಾದಾಗ ಬಳಸಿ’ ಎಂದು ಬರೆಯಬೇಡಿ. ವೈದ್ಯರು ಹೇಳಿದಷ್ಟು ಕಾಲ ದಿನವೂ ಬಳಸಬೇಕು, ಪೂರ್ತಿ ಗುಣ ತೋರಲು ಒಂದೆರಡು ವಾರ ಬೇಕು. ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ ಎಂದು ಬರೆದರೆ ಔಷಧ ಮೂಗಿನ ನಡುಗೋಡೆಗೆ ಬಡಿಯುವುದು ತಪ್ಪುತ್ತದೆ. ಕಟ್ಟಿದ ಮೂಗನ್ನು ಕ್ಷಣದಲ್ಲಿ ಬಿಡಿಸುವ ಕ್ಸೈಲೊಮೆಟಜೊಲಿನ್ ಹನಿಗಳ ಸಂಗತಿ ತದ್ವಿರುದ್ಧ. ಐದು ದಿನ ದಾಟಿದರೆ ಆ ಹನಿಯೇ ಮೂಗನ್ನು ಕಟ್ಟಿಸತೊಡಗುತ್ತದೆ. ಸೀನು, ತುರಿಕೆಗೆ ಸೆಟ್ರಿಜಿನ್ ಅಥವಾ ಫೆಕ್ಸೊಫೆನಡಿನ್ ಮಾತ್ರೆ ಸಾಕಾಗುತ್ತದೆ. ಹಳೆಯ ಕ್ಲೋರ್‌ಫೆನಿರಮಿನ್ ನುಂಗಿದವರು ಸ್ಕೂಟರ್ ಹತ್ತಬಾರದು. ಉಪ್ಪುನೀರಿನಿಂದ ಮೂಗು ತೊಳೆಯುವುದು ಒಳ್ಳೆಯದೇ, ಜಲನೇತಿ ಮಾಡುವವರಿಗೆ ಅದು ಹೊಸತೂ ಅಲ್ಲ. ನೀರು ಮಾತ್ರ ಕುದಿಸಿ ಆರಿಸಿದ್ದಾಗಿರಲಿ, ಬಾವಿಯ ಹಸಿನೀರು ಬೇಡ. ಕೇರಳದಲ್ಲಿ ಮೂಗಿನ ಮೂಲಕ ಮಿದುಳಿಗೇರುವ ಅಮೀಬಾ ಸೋಂಕಿನ ಸುದ್ದಿಯನ್ನು ಎಲ್ಲರೂ ಓದಿದ್ದೀರಿ. ಇಷ್ಟರಿಂದಲೂ ಹತೋಟಿಗೆ ಬಾರದವರಿಗೆ ಆಗಿಬಾರದ ವಸ್ತುವನ್ನೇ ಕಿಂಚಿತ್ತು ಕಿಂಚಿತ್ತಾಗಿ ಕೊಟ್ಟು ಮೈಯನ್ನು ಒಗ್ಗಿಸುವ ಚಿಕಿತ್ಸೆ ಇದೆ, ಅದಕ್ಕೆ ಸುಮಾರು ಮೂರು ವರ್ಷ ಹಿಡಿಯುತ್ತದೆ. ಬೆಂಗಳೂರಿನವರ ‘ಒಗ್ಗು’ ಧಾತು ಅಲ್ಲಿ ಬೇಕಾಗುತ್ತದೆ.

ಅನುವಾದಕಿ, ಉಡುಪಿ:

ಎಲ್ಲರಿಗೂ ವಂದನೆಗಳು. ಶೀರ್ಷಿಕೆಯನ್ನು ‘ಅಲರ್ಜಿ ಶೀತ’ ಎಂದು ನಿರ್ಧರಿಸಿದ್ದೇನೆ. ಬೋಸ್ಟಾಕನೂ ಮೊದಲು ಶೀತವೆಂದೇ ಕರೆದಿದ್ದನೆಂಬುದು ನನಗೆ ಧೈರ್ಯ ಕೊಟ್ಟಿತು. ಕೆಳಗೆ ಸಣ್ಣ ಅಕ್ಷರದಲ್ಲಿ ‘ಇದು ಜ್ವರವಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಜ್ವರವಿದ್ದರೆ ಮೊದಲು ತಿಳಿಸಿ’ ಎಂದಿರುತ್ತದೆ. ಬಟ್ಟೆಯನ್ನು ಒಳಗೆ ಒಣಗಿಸುವ ಸಲಹೆಯನ್ನು ಚಿಕಿತ್ಸಾಲಯದವರ ಒಪ್ಪಿಗೆ ಪಡೆದು ತೆಗೆದುಹಾಕಿದೆ, ಆ ಜಾಗಕ್ಕೆ ಹಂಡೆಯ ನೀರು ಬಂದಿದೆ. ಉಳಿದಿರುವುದು ಒಂದೇ ಸಂಶಯ: ಮೂಗಿನ ಸ್ಪ್ರೇಗೆ ‘ಸಿಂಪರಣೆ’ ಎನ್ನಬಹುದೆ?

ಅಡಿಕೆ ಬೆಳೆಗಾರರು, ಶಿರಸಿ:

ಬೇಡ. ಸಿಂಪರಣೆ ಎಂದರೆ ನಮಗೆ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ. ಸ್ಪ್ರೇ ಎಂದೇ ಇರಲಿ.