ರಿಸರ್ವ್‌ನಿಂದ ನಿವೃತ್ತಿ, ಅರವತ್ತಕ್ಕೆ ಇನ್ನೂ ಎಂಟು ವರ್ಷ: ನಡುವೆ ಯಾವ ವಿಮೆ?

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ಟೆಕ್ಸಸ್‌ನಲ್ಲಿದ್ದೇವೆ, ನನಗೀಗ 52. ಅಮೆರಿಕದ ಆರ್ಮಿ ರಿಸರ್ವ್‌ನಲ್ಲಿ (ಕರೆದಾಗ ಹೋಗೋ ಅರೆಕಾಲಿಕ ಸೈನ್ಯ) 22 ವರ್ಷ ಆಯಿತು, ಸೆಪ್ಟೆಂಬರ್‌ನಲ್ಲಿ ನಿವೃತ್ತಿ. ಹೊಟ್ಟೆಪಾಡಿಗೆ ಖಾಸಗಿ ಕಂಪನಿ ಕೆಲಸ ಇದೆ. ಇಲ್ಲಿವರೆಗೆ ಮನೆಮಂದಿಗೆಲ್ಲ ಟ್ರೈಕೇರ್ ರಿಸರ್ವ್ ಸೆಲೆಕ್ಟ್ (ಟ್ರೈಕೇರ್ ಅಂದರೆ ಸೇನೆಯ ಆರೋಗ್ಯ ವಿಮೆ; ಇದು ಸೇವೆಯಲ್ಲಿರೋ ರಿಸರ್ವ್‌ನವರದ್ದು) ಇತ್ತು, ಕಂಪನಿ ವಿಮೆ ಕಡೆ ತಿರುಗಿಯೂ ನೋಡಿರಲಿಲ್ಲ. ಹೆಂಡತಿಗೆ ಶುಗರ್, ಇನ್ಸುಲಿನ್ ತಗೋತಾಳೆ. ಮಗನಿಗೆ 19, ಕಾಲೇಜು. ಇನ್ನು ಮುಂದೆ 60 ತುಂಬದ ನಿವೃತ್ತ ರಿಸರ್ವ್‌ನವರಿಗಿರೋ ಟ್ರೈಕೇರ್ ರಿಟೈರ್ಡ್ ರಿಸರ್ವ್ ಕೊಳ್ಳಲೋ, ಕಂಪನಿಯದ್ದಕ್ಕೆ ಸೇರಲೋ? 2019ರಲ್ಲಿ 270 ದಿನ ಕುವೈತ್‌ಗೆ ಕಳಿಸಿದ್ದರು, ಹಾಗಾಗಿ ಪಿಂಚಣಿ 9 ತಿಂಗಳು ಮೊದಲೇ ಬರುತ್ತಂತೆ. ಅಂದರೆ ನಿವೃತ್ತರ ಮಾಮೂಲಿ ಟ್ರೈಕೇರ್ ವಿಮೆಯೂ 59 ವರ್ಷ 3 ತಿಂಗಳಿಗೇ ಶುರು ತಾನೆ? ಇಪ್ಪತ್ತು ವರ್ಷ ಸೇವೆ ಮುಗಿದು ಪಿಂಚಣಿಗೆ ಅರ್ಹ ಅನ್ನೋ ಪತ್ರ ಫ್ರಿಜ್ ಮೇಲೆ ಅಂಟಿಸಿಟ್ಟಿದ್ದೇನೆ!

ಉತ್ತರ: ಕೊನೆಯದ್ದಕ್ಕೆ ಮೊದಲು ಹೇಳ್ತೀನಿ ಸರ್, ನನ್ನ ಹತ್ತಿರ ಬರೋರಲ್ಲಿ ಬಹಳ ಜನ ಎಡವೋದು ಅಲ್ಲೇ. ಶುರುವಾಗಲ್ಲ. 2008ರ ಜನವರಿ 28ರ ನಂತರದ ಅರ್ಹ ಸೇವೆಗೆ 90 ದಿನಕ್ಕೆ 3 ತಿಂಗಳಂತೆ ಇಳಿಯೋದು ಪಿಂಚಣಿಯ ವಯಸ್ಸು ಮಾತ್ರ. ವಿಮೆಯ ವಯಸ್ಸು 60 ಅಂದರೆ 60. ಆ 9 ತಿಂಗಳು ಪಿಂಚಣಿ ಕೈಗೆ ಬಂದರೂ ವಿಮೆ ನಿಮ್ಮ ಖರ್ಚೇ.

ಇನ್ನು ಹೆಸರು ನೋಡಿ ಎರಡೂ ಒಂದೇ ಅಂದ್ಕೋಬೇಡಿ. ರಿಸರ್ವ್ ಸೆಲೆಕ್ಟ್‌ನಲ್ಲಿ ಸರ್ಕಾರ ದೊಡ್ಡ ಪಾಲು ಹೊರುತ್ತೆ, 2025ರ ದರದಲ್ಲಿ ಕುಟುಂಬಕ್ಕೆ ತಿಂಗಳಿಗೆ 274 ಡಾಲರ್ ಚಿಲ್ಲರೆ. ರಿಟೈರ್ಡ್ ರಿಸರ್ವ್‌ನಲ್ಲಿ ಸರ್ಕಾರದ ಕಾಸು ಇಲ್ಲವೇ ಇಲ್ಲ: 1,513 ಡಾಲರ್. ವರ್ಷಕ್ಕೆ 18,000ದ ಮೇಲೆ! ನಿವೃತ್ತಿಗೂ 60ಕ್ಕೂ ನಡುವಿನ ಈ ‘ಗ್ರೇ ಏರಿಯಾ’ದಲ್ಲಿ ನಿಮ್ಮಂಥ ಕೆಲಸ ಇರೋರಿಗೆ ನಾನು ಕಂಪನಿ ವಿಮೆಯನ್ನೇ ಹೇಳೋದು. ರಿಸರ್ವ್ ಸೆಲೆಕ್ಟ್ ನಿಂತ ದಿನದಿಂದ ಕಂಪನಿಗೆ ಸೇರೋಕೆ ಸಾಮಾನ್ಯವಾಗಿ 30 ದಿನ ಅವಕಾಶ, ತಪ್ಪಿದರೆ ಅವರ ವಾರ್ಷಿಕ ನೋಂದಣಿವರೆಗೆ ಕಾಯಬೇಕು. ಎಚ್‌ಆರ್‌ಗೆ ಈಗಲೇ ಒಂದು ಮಾತು ಹಾಕಿ. ಪ್ರೀಮಿಯಂ ನೋಡೋ ಮೊದಲು ಮನೆಯವರ ಇನ್ಸುಲಿನ್ ಪೆನ್ ಮೇಲಿನ ಹೆಸರು ಕಂಪನಿ ವಿಮೆಯ ಔಷಧಿ ಪಟ್ಟಿಯಲ್ಲಿದೆಯಾ, ಶುಗರ್ ಡಾಕ್ಟರು ನೆಟ್‌ವರ್ಕ್‌ನಲ್ಲಿದ್ದಾರಾ ನೋಡಿ. ಮಗನ ಲೆಕ್ಕದಲ್ಲೂ ಇದೇ ವಾಸಿ: ಟ್ರೈಕೇರ್‌ನಲ್ಲಿ 21ರವರೆಗೆ, ಪೂರ್ಣಾವಧಿ ಓದುತ್ತಿದ್ದರೆ 23; ಕಂಪನಿಯದ್ದರಲ್ಲಿ 26.

ನಾಳೆ ಕೆಲಸ ಹೋದರೆ? ರಿಟೈರ್ಡ್ ರಿಸರ್ವ್ ಎಲ್ಲೂ ಓಡಿಹೋಗಲ್ಲ, 60 ತುಂಬೋವರೆಗೆ ಯಾವ ತಿಂಗಳಿಂದ ಬೇಕಾದರೂ ಕೊಳ್ಳಬಹುದು. ಅಮೆರಿಕದ ಕೇಂದ್ರ ಸರ್ಕಾರದ ನೌಕರರ ವಿಮೆಗೆ ಅರ್ಹತೆ ಇರೋರಿಗೆ ಮಾತ್ರ ಸಿಗಲ್ಲ. ಬಾಯಿಬಿಟ್ಟು ಹೇಳೋಕೆ ಹಿತವಲ್ಲದ ಒಂದು ಮಾತೂ ಇದೆ. ನೀವು 60ಕ್ಕೆ ಮೊದಲೇ ತೀರಿಕೊಂಡು, ಆಗ ಅದು ಚಾಲ್ತಿಯಲ್ಲಿ ಇಲ್ಲದಿದ್ದರೆ, ಮನೆಯವರು ಆಮೇಲೆ ಅದನ್ನು ಕೊಳ್ಳೋಕಾಗಲ್ಲ. ನಿಮಗೆ 60 ತುಂಬಬೇಕಿದ್ದ ದಿನದವರೆಗೆ ಟ್ರೈಕೇರ್‌ಗೆ ಕಾಯಬೇಕು. ಮನೆಯವರನ್ನೂ ಕೂರಿಸಿಕೊಂಡೇ ತೀರ್ಮಾನ ಮಾಡಿ.

60 ಆದಾಗ ತಾನಾಗಿ ಏನೂ ಆಗಲ್ಲ. ಪಿಂಚಣಿಗೆ ಅರ್ಜಿ ಹಾಕಿ, ಡೀರ್ಸ್‌ನಲ್ಲಿ (ಸೇನೆಯವರ, ಕುಟುಂಬದವರ ಅರ್ಹತೆಯ ದಾಖಲೆ) ವಿವರ ಸರಿಮಾಡಿಸಿ, 90 ದಿನದೊಳಗೆ ಟ್ರೈಕೇರ್‌ನ ಎರಡು ಯೋಜನೆಗಳಾದ ಪ್ರೈಮ್ ಅಥವಾ ಸೆಲೆಕ್ಟ್ ಆರಿಸಬೇಕು. 2018ಕ್ಕೆ ಮೊದಲು ಸೇನೆ ಸೇರಿದವರಿಗೆ ಸೆಲೆಕ್ಟ್ ಶುಲ್ಕ ಕುಟುಂಬಕ್ಕೆ ವರ್ಷಕ್ಕೇ 400 ಡಾಲರ್ ಒಳಗೆ (2025). ಪಿಂಚಣಿ ಅರ್ಜಿಗೆ ಆ ಪತ್ರ ಬೇಕೇಬೇಕು, ಫ್ರಿಜ್ ಮೇಲಿಂದ ತೆಗೆದು ಫೈಲಿಗೆ ಹಾಕಿ ಮಾರಾಯ್ರೇ!

ಪ್ರಶ್ನೆ ಕೇಳಿದವರು: ತೆಗೆದೆ ಮೇಡಂ 😀 ಒಗ್ಗರಣೆ ಸಿಡಿದು ಒಂದು ಮೂಲೆ ಹಳದಿಯಾಗಿದೆ, ಅಕ್ಷರ ಓದೋಕೆ ಬರುತ್ತೆ. ಅತ್ತೆ ಮೈಸೂರಿಂದ ಬಂದು ಆರು ತಿಂಗಳು ನಮ್ಮ ಜೊತೆ ಇರ್ತಾರೆ, ಅವರನ್ನೂ ಸೇರಿಸಬಹುದಾ?

ಉತ್ತರ: ಆಗಲ್ಲ ಸರ್. ಅಪ್ಪ ಅಮ್ಮ, ಅತ್ತೆ ಮಾವಂದಿರಿಗೆ ಈ ವಿಮೆ ಇಲ್ಲ. ಅವರು ವಿಮಾನ ಹತ್ತೋ ಮೊದಲೇ ವಿಸಿಟರ್ ಇನ್ಶೂರೆನ್ಸ್ ಮಾಡಿಸಿ.

ಇನ್ನೊಬ್ಬ ಸದಸ್ಯರು: ನಾನು ನೇವಿ ರಿಸರ್ವ್, 64. ಮುಂದಿನ ವರ್ಷ ಊರಿಗೆ ಹೋಗಿ ನೆಲೆಸೋಣ ಅಂತ. ಭಾರತದಲ್ಲಿ ಮೆಡಿಕೇರ್ (65 ಆದವರಿಗೆ ಅಮೆರಿಕ ಸರ್ಕಾರದ ವಿಮೆ) ನಡೆಯೋದೇ ಇಲ್ಲವಲ್ಲ, ಅದರ ಡಾಕ್ಟರ್ ಖರ್ಚಿನ ಭಾಗವಾದ ಪಾರ್ಟ್ ಬಿಗೆ ದುಡ್ಡು ಯಾಕೆ ದಂಡ?

ಉತ್ತರ: ದಂಡ ಅನ್ನಿಸಿದರೂ ಕಟ್ಟಿ. 65ಕ್ಕೆ ಸಿಗೋ ಟ್ರೈಕೇರ್ ಫಾರ್ ಲೈಫ್‌ಗೆ (ಮೆಡಿಕೇರ್ ಜೊತೆ ನಡೆಯೋ ಟ್ರೈಕೇರ್) ಮೆಡಿಕೇರ್‌ನ ಪಾರ್ಟ್ ಎ (ಆಸ್ಪತ್ರೆ ಖರ್ಚಿನ ಭಾಗ), ಪಾರ್ಟ್ ಬಿ ಎರಡೂ ಇರಬೇಕು, ನೀವು ಎಲ್ಲೇ ಇರಿ. 2025ರಲ್ಲಿ ಬಿ ಕಂತು ತಿಂಗಳಿಗೆ 185 ಡಾಲರ್ ಇತ್ತು (ಆದಾಯ ಜಾಸ್ತಿ ಇದ್ದರೆ ಅದೂ ಜಾಸ್ತಿ). ಭಾರತದಲ್ಲಿ ಮೆಡಿಕೇರ್ ಕೊಡದ ಕಾರಣ ಟ್ರೈಕೇರೇ ಮೊದಲ ಪಾವತಿದಾರ ಆಗುತ್ತೆ. ಸಾಮಾನ್ಯವಾಗಿ ಆಸ್ಪತ್ರೆಗೆ ಮೊದಲು ನೀವೇ ಕಟ್ಟಬೇಕು, ಆಮೇಲೆ 3 ವರ್ಷದೊಳಗೆ ಕ್ಲೇಮ್ ಹಾಕಬೇಕು. ಡಿಸ್ಚಾರ್ಜ್ ದಿನ ಕೌಂಟರ್‌ನಲ್ಲಿ ಒಟ್ಟು ಮೊತ್ತದ ಒಂದೇ ಚೀಟಿ ಕೊಟ್ಟರೆ ಅಲ್ಲೇ ನಿಂತು ಬಿಡಿಬಿಡಿ ಬಿಲ್ಲು, ರೋಗದ ವಿವರ, ದುಡ್ಡು ಕಟ್ಟಿದ ರಸೀದಿ ಮೂರನ್ನೂ ಕೇಳಿ ತಗೊಳ್ಳಿ.